ಸೀರೆಯ ಗಂಟು

ಶೇಂಗಾ ಚಟ್ನಿಯ ವಾಸನೆ ಬಂದರೆ ಈಗಲೂ ನಮ್ಮ ಕಟ್ಟೆಯ ಮೇಲಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಮರುದಿನ ನಮ್ಮೂರು ತಿರ್ಲಾಪುರದ ಹುಡುಗರೆಲ್ಲ ಸೈಕಲ್ ಮೇಲೆ ಗೋಕರ್ಣಕ್ಕೆ ಹೊರಡುವವರಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಸೈಕಲ್. ಅಣ್ಣ ಹೋಗಲಿ ಎಂದು ಅಪ್ಪ ಹೇಳಿಯಾಗಿತ್ತು. ಸಾಲಿಯ ಓದಿನಲ್ಲಿ ಇಬ್ಬರೂ ದಡ್ಡರೇ, ಆದರೆ ನನ್ನ ಬಾಯಿ ಜೋರು. ಅವನ ನಿಧಾನ ನೋಡಿದರೆ ನನಗೆ ಹೇಸಿಗೆ ಬರುತ್ತಿತ್ತು.

ಕಡಕ್ ರೊಟ್ಟಿ ದಾರಿಯಲ್ಲಿ ಮುರಿಯಬಾರದೆಂದು ಅವನು ಅವುಗಳ ನಡುವೆ ಅವ್ವನ ಹಳೆ ಸೀರೆಯನ್ನು ಮಡಿಚಿ ಮಡಿಚಿ ಇಡುತ್ತಿದ್ದ. ಮೇಲೆ ಚಟ್ನಿಯ ಡಬ್ಬಿ ಇಟ್ಟು, ಚೈನಿನ ಎಣ್ಣೆ ಹತ್ತಿದ ಕೈಯಿಂದಲೇ ಗಂಟು ಕಟ್ಟಿದ.

"ನೋಡ್ರಲೇ, ನಮ್ಮಣ್ಣ ಗಂಡನ ಮನಿಗಿ ಹೊಂಟಾನ," ಎಂದು ಕಟ್ಟೆಯ ಮೇಲೆ ಕೂತಿದ್ದ ಹುಡುಗರಿಗೆ ಅಂದೆ. "ಘಟ್ಟದಾಗ ಅಳಾಕ ಹತ್ತಿದ್ರ ಯಾರು ಹೊತಗೊಂಡ ಬರ್ತೀರಿ?"

ಹುಡುಗರೆಲ್ಲ ನಕ್ಕರು. "ಸುಮ್ಮನಿರಲೇ ಭಾಡ್ಯಾ," ಎಂದು ಅವ್ವ ಒಳಗಿನಿಂದ ಕೂಗಿದಳು. ಗುಂಪಿನಲ್ಲಿ ದೊಡ್ಡವನಾದ ಈರಣ್ಣ, "ಖರೆ ಐತಿ, ಇವನ ಕಟಗೊಂಡ್ರ ನಾವು ಗೋಕರ್ಣ ಮುಟ್ಟೂದಿಲ್ಲ," ಅಂದುಬಿಟ್ಟ.

ಅಣ್ಣ ನನ್ನತ್ತ ನೋಡಲಿಲ್ಲ. ಗಂಟನ್ನು ಕ್ಯಾರಿಯರ್‌ಗೆ ಬಿಗಿದು, ಸೈಕಲ್ಲಿನ ಕೀಲಿ ನನ್ನ ಕೈಗಿಟ್ಟ.

"ನೀನ ಹೋಗಪಾ. ರೊಟ್ಟಿ ಜ್ವಾಕಿ."

ಮರುದಿನ ಊರು ದಾಟಿದ ಕೂಡಲೇ, ಸೀರೆಯ ಗಂಟು ನೋಡಿ ನನ್ನನ್ನೂ ಆಡಿಕೊಂಡಾರು ಎಂದು, ಅದನ್ನು ಹಳ್ಳಕ್ಕೆ ಎಸೆದೆ.

ಮರಳಿ ಬಂದಾಗ ಅಣ್ಣ ಸಮುದ್ರದ ಬಗ್ಗೆ ಏನೂ ಕೇಳಲಿಲ್ಲ.

"ರೊಟ್ಟಿ ಮುರದಿದ್ದುವೇನು?" ಅಂದ.

"ಒಂದೂ ಮುರದಿರಲಿಲ್ಲ," ಅಂದೆ.

ಅವನ ಮುಖ ಅರಳಿತು.