ಅಜ್ಜನ ಹಲ್ಲು

ಬೀದಿ ಮೂಲೆಯ ಕೈಪಂಪಿನ ಹಿಡಿ ಕಳಚಲು ರಿಪೇರಿಯವನು ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದನಷ್ಟೇ, ಅವನಮ್ಮ ಖಾಲಿ ಕೊಡ ತಂದು ಪಂಪಿನ ಮೂತಿಯ ಕೆಳಗೆ ಕುಕ್ಕಿದಳು.

"ಮೊದಲು ಇದನ್ನ ತುಂಬ್ಸು. ಆಮೇಲೆ ಏನು ಕೆಟ್ಟಿದೆ ನೋಡು."

"ಕೆಟ್ಟಿರೋದು ಪಂಪಲ್ಲಮ್ಮ, ನೀರು."

ಅಮ್ಮನಿಗೆ ನಗು ಬಂತು. ಪಂಪು ನೆಟ್ಟವನು ಅವಳ ಮಾವ, ಈ ನೀರು ಕುಡಿದೇ ಬೆಳೆದವನು ಅವಳ ಗಂಡ. ಮದುವೆಯಾಗಿ ಬೇರೆ ಊರಿಂದ ಬಂದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದೇ ಗಂಡನ ಮುಂದಿನ ಹಲ್ಲುಗಳ ಮೇಲಿನ ಕಂದು ಗೆರೆ. ನಕ್ಕರೆ ಸುಟ್ಟ ರೊಟ್ಟಿಯ ಅಂಚಿನ ಹಾಗೆ ಕಾಣುತ್ತಿತ್ತಂತೆ. ಮನೆತನದ ಹಲ್ಲು ಅಂದರು, ನಂಬಿದಳು. ಬೀದಿ ತುಂಬ ದಾಯಾದಿಗಳೇ ಇದ್ದುದರಿಂದ ಎಲ್ಲರ ಬಾಯಲ್ಲೂ ಅದೇ ಗೆರೆ. ಯಾರಿಗೂ ಅನುಮಾನ ಬರಲಿಲ್ಲ. ಗಂಡ ತೀರಿಕೊಂಡ ಮೇಲೆ, ಮೊನ್ನೆ ಮೊನ್ನೆ ಮೊಮ್ಮಗಳಿಗೆ ಹಾಲುಹಲ್ಲು ಬಿದ್ದು ಗೆರೆಯ ಹಲ್ಲು ಬಂದಾಗ, ಅಜ್ಜ ವಾಪಸ್ ಬಂದ ಎಂದು ಮನೆಮನೆಗೂ ಕರೆದುಕೊಂಡು ಹೋಗಿ ಬಾಯಿ ತೆರೆಸಿ ತೋರಿಸಿದ್ದಳು.

ರಿಪೇರಿಯವನು ಜೇಬಿನಿಂದ ನೀರಿನ ಪರೀಕ್ಷೆಯ ಕಾಗದ ತೆಗೆದ. ನೀರಲ್ಲಿ ಫ್ಲೋರೈಡ್ ವಿಪರೀತ ಇದೆಯಂತೆ. ಎಳೆ ಮಕ್ಕಳು ಕುಡಿದರೆ ಹಲ್ಲಿಗೆ ಗೆರೆ, ವರ್ಷಗಟ್ಟಲೆ ಕುಡಿದವರಿಗೆ ಮೂಳೆಯೇ ಬಿಗಿಯಾಗುತ್ತದಂತೆ. ಕೊನೆಕೊನೆಗೆ ಅಪ್ಪನಿಗೆ ಕತ್ತು ತಿರುಗುತ್ತಿರಲಿಲ್ಲ. ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದ. ಗತ್ತು ನೋಡು ಸಾಹೇಬರದ್ದು ಎಂದು ಬೀದಿಯೇ ನಗುತ್ತಿತ್ತು, ಅಪ್ಪನೂ ನಗುತ್ತಿದ್ದ.

"ಕುದಿಸಿ ಕುಡಿದ್ರಾಯ್ತು."

"ಕುದಿಸಿದ್ರೆ ನೀರು ಬತ್ತಿ ಅದು ಇನ್ನೂ ಜಾಸ್ತಿಯಾಗುತ್ತೆ. ನಿನ್ನ ಹಲ್ಲು ಯಾಕಮ್ಮ ಬೆಳ್ಳಗಿದೆ? ಚಿಕ್ಕವಳಿದ್ದಾಗ ನೀನು ಈ ನೀರು ಕುಡೀಲಿಲ್ಲ, ಅದಕ್ಕೆ."

ಅಮ್ಮ ನಾಲಿಗೆಯಿಂದ ತನ್ನ ಹಲ್ಲು ಸವರಿಕೊಂಡಳು. "ಇವತ್ತು ಗೊತ್ತಾಯ್ತಾ ಕಚೇರಿಯವರಿಗೆ?"

ಅವನು ಕಾಗದದ ಮೇಲಿನ ತಾರೀಖಿನ ಮೇಲೆ ಬೆರಳಿಟ್ಟ. ಹನ್ನೊಂದು ವರ್ಷ ಹಿಂದಿನದು. ಅವನ ಮಗಳಿಗೆ ಈಗ ಏಳು ವರ್ಷ. ಕಚೇರಿಯಲ್ಲಿ ಯಾವುದೋ ಬೀರುವಿನಲ್ಲಿ ಬಿದ್ದಿತ್ತಂತೆ; ಸಿಕ್ಕಿತು, ಹೋಗಿ ಹಿಡಿ ಕಳಚು ಎಂದು ಟೀ ಕುಡಿಯುತ್ತಲೇ ಹೇಳಿದ್ದರು. ಶಾಲೆಯಲ್ಲಿ ತನ್ನ ಹಲ್ಲು ನೋಡಿ 'ತುಕ್ಕು' ಎಂದು ಕರೆದವನ ಮೂಗು ಒಡೆದು ಏಳನೇ ಕ್ಲಾಸಿಗೇ ಪಾಟೀಚೀಲ ಎಸೆದು ಬಂದವನು ಅವನು. ಅದೇ ಸಿಟ್ಟಿನಲ್ಲಿ ಸ್ಪ್ಯಾನರ್ ತಿರುವಿದ. ಹಿಡಿ ಕೈಗೆ ಬಂತು. ಮೂರು ತಲೆಮಾರಿನ ಅಂಗೈ ಸವೆಸಿದ ಕಬ್ಬಿಣ ಬೆಳ್ಳಿಯ ಹಾಗೆ ನುಣ್ಣಗಿತ್ತು.

ಅಮ್ಮ ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು, ಆಚೆ ಬೀದಿಯ ನಲ್ಲಿಯ ಕಡೆ ನಾಲ್ಕು ಹೆಜ್ಜೆ ಹೋಗಿ ನಿಂತಳು.

"ತೊಟ್ಟಿಲಲ್ಲಿರೋ ನಿನ್ನ ಕೂಸಿಗೆ ಬೆಳ್ಳಗೇ ಬರ್ತವಾ?"

"ಬರ್ತವೆ."

"ಬರಲಿ. ಆದ್ರೆ ಅಜ್ಜ ಹೇಗೆ ನಗ್ತಿದ್ರು ಅಂತ ಅದಕ್ಕೆ ನೀನೇ ತೋರಿಸ್ಬೇಕು ಕಣೋ," ಎಂದಳು ಅಮ್ಮ. "ನೀನೋ, ಬಾಯಿ ಮುಚ್ಕೊಂಡೇ ನಗ್ತೀಯ."