ಸೊಂಟದೊಳಗಿನ ದಾರಿ

ಆಪರೇಷನ್ ಮೇಜಿನ ಮೇಲೆ, ಚುಚ್ಚುಮದ್ದಿಗೆ ಸೊಂಟದ ಕೆಳಗೆ ಮರಗಟ್ಟಿದ್ದರೂ ಗುರವ್ವ ಎಚ್ಚರವಾಗಿದ್ದಳು. ಎದುರಿನ ಪರದೆಯಲ್ಲಿ ಅವಳ ಮುರಿದ ಸೊಂಟದ ಮೂಳೆ ಕಾಣುತ್ತಿತ್ತು. ಎಪ್ಪತ್ತು ವರ್ಷ ಅವಳು ನಡೆದ ದಾರಿಗಳೆಲ್ಲ ಅದರೊಳಗೆ ಬಿಳಿ ಗೆರೆಗಳಾಗಿ ಮೂಡಿದ್ದವು. ಎರಡು ಗೆರೆ ಮಾತ್ರ ದಪ್ಪಗಿದ್ದವು.

ಮುರಿದ ಮೂಳೆಗೆ ಮೊಳೆ ಕೂರಿಸಲು ಕಂಪ್ಯೂಟರ್ ಎಲ್ಲ ರೋಗಿಗಳಿಗೂ ಕೇಳುವಂತೆ ಒಂದು ದಪ್ಪ ದಾರಿಯ ಜಾಗ ಕೇಳಿತು. ತೆಗೆದ ದಾರಿ ಕಾಲಿಗೆ ಮತ್ತೆ ನೆನಪಾಗುವುದಿಲ್ಲ. ಹಾಗಾಗಿ ರೋಗಿಯನ್ನು ಕೇಳದೆ ತೆಗೆಯುವಂತಿರಲಿಲ್ಲ.

"ಇದು ನಿಮ್ಮ ಮನಿ ದಾರಿ, ಅಮ್ಮಾ," ಎಂದಳು ಯಂತ್ರ ನಡೆಸುವ ಶಾಹೀನಾ. "ಇನ್ನೊಂದು ಊರ ಹೊರಗ ಹಳ್ಳದ ದಂಡಿಗೆ ಹೋಗತೈತಿ. ದಿನಾ ಹೋಗೀರಿ."

"ಅಲ್ಲಿ ನನ್ನ ಮಗಳನ್ನ ಮಣ್ಣು ಮಾಡೇವಿ. ಮೂರು ವರ್ಷದಾಕಿ ಇದ್ಲು."

ಶಾಹೀನಾ ಹಳ್ಳದ ಗೆರೆಯ ಮೇಲೆ ಬೆರಳಿಟ್ಟಳು. ಡಾಕ್ಟರು ಕಾಯುತ್ತಿದ್ದರು.

"ಅದನ್ನ ತೆಗೀಲೇನು, ಅಮ್ಮಾ? ಎಲ್ಲಾರೂ ಮನಿ ದಾರೀನ ಉಳಿಸ್ಕೋತಾರ."

ಗುರವ್ವ ಪರದೆಯ ಎರಡೂ ಗೆರೆಗಳನ್ನು ನೋಡಿದಳು.

"ಮನಿ ದಾರಿ ತಗದಬಿಡವ್ವಾ," ಎಂದಳು. "ದಾರಿ ತಪ್ಪಿದ್ರ ಮನಿಗೆ ಯಾರರ ಮುಟ್ಟಸ್ತಾರ. ಹಳ್ಳದ ದಂಡಿಗೆ ಗುರುತಿಗೆ ಒಂದು ಕಲ್ಲೂ ಇಟ್ಟಿಲ್ಲ. ಅಕಿ ಮಲಗಿದ ಜಾಗ ನನ್ನ ಕಾಲಿಗಷ್ಟ ಗೊತ್ತು."