ಕಣಿವೆಯಿಂದ ಬಂದ ಗಾಳಿ

ಗುಡಿಯ ಆನೆ ಬೀದಿಯಲ್ಲಿ ಹೋದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಮಾತ್ರ ಬಿಳಿಗಿರಿರಂಗನ ಬೆಟ್ಟದ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಎಂಟೋ ಒಂಬತ್ತೋ. ಬೆಟ್ಟ ಅಳೆಯಲು ಬಂದ ಸಾಹೇಬರಿಗೂ ಅವರ ಆಳುಗಳಿಗೂ ಅಪ್ಪ ದಾರಿ ತೋರಿಸುತ್ತಿದ್ದ. ಎಲ್ಲರ ಬುತ್ತಿಯ ಗಂಟು ನನ್ನ ತಲೆಯ ಮೇಲಿತ್ತು. ಬೆಟ್ಟದ ನೆತ್ತಿಯಲ್ಲಿ ನನ್ನ ಕತ್ತಿನುದ್ದ ಹುಲ್ಲು, ಮುಟ್ಟಿದರೆ ಕೈ ಕೊಯ್ಯುತ್ತಿತ್ತು. ಕೆಳಗೆ ಕಣಿವೆಯಲ್ಲಿ ಹಗಲಲ್ಲೂ ಕತ್ತಲೆ ಕಾಡು. ಸಾಹೇಬರು ನಕ್ಷೆ ನೋಡಿ, ಕಣಿವೆಗೆ ಇಳಿದರೆ ದಾರಿ ಹತ್ತಿರ ಎಂದರು.

ಅಷ್ಟರಲ್ಲಿ ಕೆಳಗಿನಿಂದ ಗಾಳಿ ಬಂತು.

"ಅಪ್ಪಾ, ಅಲ್ಲಿ ಆನೆ ಅವೆ," ಅಂದೆ.

ಅಳತೆಯ ಸರಪಳಿ ಹೊತ್ತ ಆಳು ನಕ್ಕ. "ಈ ಮೋಟುದ್ದ ಕೂಸು ಏಳ್ತು ಅಂತ ನಿಂತ್ಕಳದಾ ಸಾ?"

ಅಪ್ಪ ನಗಲಿಲ್ಲ. "ನನ್ ಮೂಗ್ಗಿಂತ ಅವಳ್ ಮೂಗು ಚುರುಕು ಸಾ. ಅವಳು ಬ್ಯಾಡ ಅಂದ್ರೆ ನಾನು ಇಳಿಯಕಿಲ್ಲ."

ನನ್ನ ಮಾತು ಸುಳ್ಳಾಗಿದ್ದರೆ ಅಪ್ಪನ ಕೆಲಸ ಅವತ್ತೇ ಹೋಗುತ್ತಿತ್ತು. ಸಾಹೇಬರು ಸ್ವಲ್ಪ ಕಾದು ನೋಡೋಣ ಎಂದರು. ಬಂಡೆಯ ಮೇಲೆ ಕೂತೆವು. ಬುತ್ತಿ ತಿಂದು ಮುಗಿಯುವ ಹೊತ್ತಿಗೆ ಕಾಡು ಅಲುಗಿತು. ಸಾಹೇಬರು ತೋರಿಸಿದ ದಾರಿಯಲ್ಲೇ ಐದು ಆನೆ ಹೊರಬಂದು ಎದುರು ಗುಡ್ಡ ಹತ್ತಿದವು. ಒಂದರ ಕಾಲಡಿಯಲ್ಲಿ ಮರಿಯಿತ್ತು.

ಸಾಹೇಬರು ನಕ್ಷೆ ಮಡಚಿದರು. "ಯಾವ ಕಡೆ ಹೋಗೋಣಮ್ಮ?" ಎಂದು ನನ್ನನ್ನೇ ಕೇಳಿದರು.

ಅಪ್ಪ ತನ್ನ ಮಚ್ಚನ್ನು ನನ್ನ ಕೈಗೆ ಕೊಟ್ಟ. "ನೀನೇ ಮುಂದೆ ನಡಿ ಕಣವ್ವ."

ಮಚ್ಚು ಭಾರವಿತ್ತು. ಅಷ್ಟೂ ಗಂಡಸರು ನನ್ನ ಹಿಂದೆ ನಡೆದರು.